ನಿಯಮದ ಬದಲಾವಣೆಯೂ ಮಣ್ಣಿನ ಅಂಕಣವೂ

ಲೋಕದ ಬಹುಪಾಲು ಆಟಗಳು ಮೊದಲು ಬಯಲಿನಲ್ಲಿ ಹುಟ್ಟಿ, ತಲೆಮಾರುಗಳ ಕಾಲ ಹುಡುಗರ ಕಾಲ್ದೂಳಿನಲ್ಲಿ ಬೆಳೆದು, ಎಷ್ಟೋ ದಿನಗಳ ತರುವಾಯ ಗ್ರಂಥಸ್ಥವಾದ ನಿಯಮಗಳನ್ನು ಪಡೆದವು. ನಮ್ಮ ಕಬಡ್ಡಿಯ ಚರಿತ್ರೆ ಅದೇ. ಖೋ ಖೋ ಆಟದ ಚರಿತ್ರೆಯೂ ಅದೇ. ಬ್ಯಾಸ್ಕೆಟ್‌ಬಾಲಿನ ಜನ್ಮವೃತ್ತಾಂತವಾದರೋ ಇದಕ್ಕೆ ತೀರ ವಿಪರೀತವಾದುದು. 1891ರ ಡಿಸೆಂಬರಿನಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ಜೇಮ್ಸ್ ನೈಸ್ಮಿತ್ ಅವರು, ಹಿಮಗಾಲದಲ್ಲಿ ಹೊರಗೆ ಆಡಲಾಗದೆ ಬೇಸತ್ತು ಕುಳಿತಿದ್ದ 18 ಮಂದಿ ವಿದ್ಯಾರ್ಥಿಗಳ ತರಗತಿಗಾಗಿ, ಮೊದಲು 13 ನಿಯಮಗಳನ್ನು ಬರೆದು ಹಚ್ಚಿ, ಆ ಬಳಿಕವೇ ಅವರ ಕೈಗೆ ಚೆಂಡನ್ನು ಕೊಟ್ಟರು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಉಪ್ಪರಿಗೆಯ ಕಟಕಟೆಗೆ ಮೊಳೆ ಹೊಡೆದು ನಿಲ್ಲಿಸಿದ ಎತ್ತರ ಹತ್ತು ಅಡಿ. ಇಂದಿಗೂ ರಿಂಗಿನ ಎತ್ತರ ಅದೇ ಹತ್ತು ಅಡಿ, ಅಂದರೆ 3.05 ಮೀಟರು. ಉಳಿದುದೆಲ್ಲ ಬದಲಾಗಿದೆ.

ಆ ಹದಿಮೂರು ನಿಯಮಗಳಲ್ಲಿ ಹತ್ತನೆಯದು ಮತ್ತು ಹನ್ನೊಂದನೆಯದು ಆಟಗಾರರನ್ನು ಕುರಿತವಲ್ಲ. ತೀರ್ಪು ಕೊಡುವವರನ್ನು ಕುರಿತವು. ಅಂಪೈರ್ ಆಟಗಾರರ ನಡತೆಯನ್ನು ನೋಡತಕ್ಕವನು, ರೆಫರಿ ಚೆಂಡಿನ ಗತಿಯನ್ನೂ ಕಾಲವನ್ನೂ ನೋಡತಕ್ಕವನು ಎಂದು ನೈಸ್ಮಿತ್ ಅವರು ಕೆಲಸವನ್ನು ಹಂಚಿಟ್ಟರು. ಎಂದ ಮೇಲೆ, ಈ ಆಟದಲ್ಲಿ ರೆಫರಿಯು ತಡವಾಗಿ ಬಂದು ಸೇರಿಕೊಂಡ ಕಾವಲುಗಾರನಲ್ಲ. ಆಟ ಹುಟ್ಟಿದ ದಿನವೇ ಜೊತೆಯಲ್ಲಿ ಹುಟ್ಟಿದವನು. ನಿಯಮ ಬದಲಾಗಬೇಕೆ, ಬದಲಾದರೆ ಹೇಗೆ ಎಂಬ ಚರ್ಚೆ ಎದ್ದಾಗಲೆಲ್ಲ ಅವನ ಮಾತಿಗೆ ಒಂದು ಸ್ಥಾನವಿರಬೇಕೆಂದು ನಾನು ವಾದಿಸುವುದು ಇದೇ ಆಧಾರದ ಮೇಲೆ. ಅದರಲ್ಲಿಯೂ ಹೈಸ್ಕೂಲಿನ ಆಟದ ವಿಷಯದಲ್ಲಿ.

ನಾನು ಹೇಳುತ್ತಿರುವ ಹೈಸ್ಕೂಲಿನ ಆಟಕ್ಕೆ ಉದಾಹರಣೆಯಾಗಿ ಬ್ರಹ್ಮಸಮುದ್ರವನ್ನು ನೋಡಿ. ಅದು ಆಂಧ್ರದ ಅನಂತಪುರ ಜಿಲ್ಲೆಯಲ್ಲಿ, ಕಲ್ಯಾಣದುರ್ಗದ ಆಚೆ, ಕರ್ನಾಟಕದ ಗಡಿಗೆ ಆತುಕೊಂಡಿರುವ ಮಳೆಯ ಅಭಾವದ ಸೀಮೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಕಡಲೆಕಾಯಿಯ ಹೊಲದಲ್ಲಿ ಎರಡೂ ಎಂಬಂತೆ ಬಾಳುವ ಜನ. ಇಂತಹ ಕಡೆಯ ಹೈಸ್ಕೂಲುಗಳಲ್ಲಿ ಆಟದ ಅಂಗಳವೆಂದರೆ ಮಣ್ಣಿನ ಅಂಗಳ. ಪಂದ್ಯದ ಮುನ್ನಾದಿನ ಹಗ್ಗ ಹಿಡಿದು, ಸುಣ್ಣದ ಪುಡಿ ಚೆಲ್ಲಿ, ಗೆರೆ ಎಳೆದರೆ ಅದೇ ಅಂಕಣ. ಇಲ್ಲಿ ರೆಫರಿಯಾಗಿ ನಿಲ್ಲುವವರು ಬೇರೆ ಯಾರೂ ಅಲ್ಲ, ಆಯಾ ಶಾಲೆಗಳ ವ್ಯಾಯಾಮದ ಮೇಷ್ಟ್ರುಗಳೇ. ತಮ್ಮ ಶಾಲೆಯ ತಂಡ ಆಡದಿರುವಾಗ ಅವರು ಸೀಟಿ ಹಿಡಿಯುತ್ತಾರೆ. ತಮ್ಮ ತಂಡ ಆಡುವಾಗ ಸೀಟಿಯನ್ನು ಪಕ್ಕದ ಊರಿನವರಿಗೆ ಕೊಟ್ಟು ತಾವು ಬೆಂಚಿನ ಕಡೆಗೆ ಹೋಗುತ್ತಾರೆ. ಅದುಕಾರಣ ನಿಯಮದ ಎರಡು ಮುಖಗಳನ್ನೂ, ಅನ್ವಯಿಸುವವನ ಕಷ್ಟವನ್ನೂ ಅನ್ವಯಿಸಿಕೊಳ್ಳುವ ಮಕ್ಕಳ ಕಷ್ಟವನ್ನೂ, ಒಂದೇ ದಿನದಲ್ಲಿ ಕಾಣುವ ಅವಕಾಶ ಅವರಿಗಿದೆ.

ಈ ಪರಂಪರೆಗೂ ಒಂದು ಮೂಲವುಂಟು. 1920ರಲ್ಲಿ ಎಚ್. ಸಿ. ಬಕ್ ಎಂಬ ಅಮೆರಿಕನ್ನರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ದಕ್ಷಿಣದ ಶಾಲೆಗಳ ಡ್ರಿಲ್ ಮಾಸ್ತರುಗಳಿಗೆ ಅದು ಗುರುಕುಲವಾಯಿತು. ಅನಂತಪುರವು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ ಜಿಲ್ಲೆ. ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಸ್ಥಾಪನೆಯಾದದ್ದು 1950ರಲ್ಲಿ. ನಮ್ಮ ಪುರುಷರ ತಂಡ ಒಲಿಂಪಿಕ್ ಅಂಕಣವನ್ನು ಕಂಡದ್ದು 1980ರ ಮಾಸ್ಕೋದಲ್ಲಿ.

ಮಣ್ಣಿನ ಅಂಕಣವೆಂದೊಡನೆ ಕೀಳೆಂದು ಭಾವಿಸುವವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. 1936ರ ಬರ್ಲಿನ್ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿಗೆ ಪದಕದ ಆಟವಾಗಿ ಸೇರಿದಾಗ ಪಂದ್ಯಗಳು ನಡೆದದ್ದು ಬಯಲಿನ ಟೆನಿಸ್ ಅಂಕಣಗಳ ಮಣ್ಣುನೆಲದ ಮೇಲೆ. ಅಂತಿಮ ಪಂದ್ಯದ ದಿನ ಮಳೆ ಹೊಯ್ದು ನೆಲವೆಲ್ಲ ಕೆಸರಾಗಿ, ಚೆಂಡು ಪುಟಿಯುವುದನ್ನೇ ಮರೆತು, ಅಮೆರಿಕ ಕೆನಡವನ್ನು ಕೇವಲ 19–8 ಅಂಕಗಳಿಂದ ಗೆದ್ದಿತು. ನಿಯಮ ಪುಸ್ತಕದಲ್ಲಿ ಡ್ರಿಬಲ್ ಮಾಡುವ, ಎಂದರೆ ಚೆಂಡನ್ನು ಪುಟಿಸುತ್ತ ಸಾಗುವ, ಹಕ್ಕು ಆ ದಿನವೂ ಇತ್ತು; ಆ ಹಕ್ಕನ್ನು ಚಲಾಯಿಸುವ ನೆಲ ಮಾತ್ರ ಇರಲಿಲ್ಲ. ನಿಯಮವೆಂಬುದು ಕಾಗದದ ಮೇಲೆ ಎಲ್ಲರಿಗೂ ಒಂದೇ ಆಗಿದ್ದರೂ ನೆಲದ ಮೇಲೆ ಒಂದೇ ಆಗಿರುವುದಿಲ್ಲವೆಂಬ ಈ ಸತ್ಯವನ್ನು ಹೈಸ್ಕೂಲಿನ ರೆಫರಿ ಪ್ರತಿವರ್ಷವೂ ಕಾಣುತ್ತಾನೆ. ಪುಟಿಸುತ್ತಿದ್ದ ಚೆಂಡು ಒಂದು ಹರಳಿಗೆ ತಾಗಿ ಪಕ್ಕಕ್ಕೆ ಸಿಡಿದು, ಹುಡುಗಿ ಓಡಿಹೋಗಿ ಅದನ್ನು ಎರಡು ಕೈಗಳಿಂದ ಹಿಡಿದಳೆಂದರೆ, ಸುತ್ತ ನಿಂತವರು ಅದು ಎರಡನೆಯ ಡ್ರಿಬಲ್ ಎಂದು ಬಗೆದು ‘ಡಬಲ್, ಡಬಲ್’ ಎಂದು ಕೂಗುತ್ತಾರೆ. ಆದರೆ ಅಕಸ್ಮಾತ್ತಾಗಿ ಕೈತಪ್ಪಿದ ಚೆಂಡನ್ನು ಮತ್ತೆ ಹಿಡಿಯುವುದು ಡ್ರಿಬಲ್ ಅಲ್ಲವೆಂದು ನಿಯಮವೇ ಹೇಳುತ್ತದೆ. ಕೈ ತಪ್ಪಿತೋ ನೆಲ ತಪ್ಪಿಸಿತೋ ಎಂಬುದನ್ನು ಅರೆಕ್ಷಣದೊಳಗೆ ಕಣ್ಣಳತೆಯಲ್ಲಿ ನಿರ್ಣಯಿಸಬೇಕಾದ ಹೊರೆ ಸೀಟಿ ಹಿಡಿದವನದು.

ಈಚಿನ ವರ್ಷಗಳಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲಿನ ಲೋಕದಲ್ಲಿ ಅತ್ಯಂತ ತೀವ್ರವಾಗಿ ನಡೆದ ಚರ್ಚೆ ಶಾಟ್ ಕ್ಲಾಕಿನದು. ಚೆಂಡು ಕೈಗೆ ಬಂದ ತಂಡ ಇಷ್ಟು ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂಬ ಕಟ್ಟುಪಾಡು ಅದು. ಅದಿಲ್ಲದ ಕಾಲದಲ್ಲಿ, 1950ರ ನವೆಂಬರಿನಲ್ಲಿ, ಎನ್‌ಬಿಎ ಪಂದ್ಯವೊಂದರಲ್ಲಿ ಫೋರ್ಟ್ ವೇನ್ ತಂಡ ಚೆಂಡನ್ನು ಹಿಡಿದು ಹಿಡಿದೇ ಕಾಲ ಕಳೆದು, ಮಿನಿಯಾಪೊಲಿಸ್ ತಂಡವನ್ನು 19–18ರಿಂದ ಸೋಲಿಸಿದಾಗ ಪ್ರೇಕ್ಷಕರಿಗೆ ಆಟವೇ ಬೇಡವೆನಿಸಿತು. ಸಿರಕ್ಯೂಸ್ ತಂಡದ ಒಡೆಯರಾಗಿದ್ದ ಡ್ಯಾನಿ ಬಿಯಸೋನ್ ಅವರು ಸರಳವಾದ ಒಂದು ಲೆಕ್ಕ ಹಾಕಿದರು: ಸೊಗಸಾದ ಪಂದ್ಯವೊಂದರಲ್ಲಿ ಎರಡೂ ತಂಡಗಳು ಕೂಡಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತವೆ, 48 ನಿಮಿಷಗಳಲ್ಲಿ 2,880 ಸೆಕೆಂಡುಗಳುಂಟು, ಭಾಗಿಸಿದರೆ ಒಂದು ಎಸೆತಕ್ಕೆ 24. 1954ರಲ್ಲಿ ಅದು ಜಾರಿಗೆ ಬಂದ ಮೊದಲ ಋತುವಿನಲ್ಲಿಯೇ ತಂಡವೊಂದರ ಸರಾಸರಿ ಅಂಕ 79ರಿಂದ 93ಕ್ಕೆ ಏರಿತು. ಅಂತರರಾಷ್ಟ್ರೀಯ ಒಕ್ಕೂಟವಾದ ಫೀಬಾ 1956ರಲ್ಲಿ 30 ಸೆಕೆಂಡುಗಳನ್ನು ಇಟ್ಟುಕೊಂಡು, 2000ದಲ್ಲಿ 24ಕ್ಕೆ ಇಳಿಸಿತು. ಅಮೆರಿಕದ ಹೈಸ್ಕೂಲುಗಳು ಮಾತ್ರ ಬಹುಕಾಲ ಹಿಂಜರಿದವು. ಕಡೆಗೆ ಅಲ್ಲಿನ ಶಾಲಾ ಸಂಘಗಳ ರಾಷ್ಟ್ರೀಯ ಒಕ್ಕೂಟ 2022–23ರಿಂದ, ಬೇಕೆಂಬ ಸಂಸ್ಥಾನಗಳು 35 ಸೆಕೆಂಡುಗಳ ಗಡಿಯಾರವನ್ನು ಇಡಬಹುದೆಂದು ಅನುಮತಿ ಕೊಟ್ಟಿತು. ‘ಇಡಲೇಬೇಕು’ ಎನ್ನದೆ ‘ಇಡಬಹುದು’ ಎಂದ ಆ ವಿವೇಕ ನನಗೆ ಮೆಚ್ಚಿಗೆಯಾದುದು.

ಏಕೆಂದರೆ ಶಾಟ್ ಕ್ಲಾಕ್ ಬರಿಯ ನಿಯಮವಲ್ಲ. ಅದೊಂದು ಯಂತ್ರ, ಆ ಯಂತ್ರಕ್ಕೆ ವಿದ್ಯುತ್ತು, ಆ ಯಂತ್ರದ ಹಿಂದೆ ಪಳಗಿದ ಒಬ್ಬ ಮನುಷ್ಯ. ಅಂಕ ಬರೆಯುವವರು, ಅವರ ಸಹಾಯಕರು, ಪಂದ್ಯದ ಗಡಿಯಾರ ನೋಡುವವರು, ಶಾಟ್ ಕ್ಲಾಕ್ ನಡೆಸುವವರು ಎಂದು ಫೀಬಾದ ಮೇಜಿಗೆ ನಾಲ್ಕು ಮಂದಿ ಬೇಕು. ಆಂಧ್ರದಲ್ಲಿ ತಾಲ್ಲೂಕಿನಂತಿರುವ ಮಂಡಲದ ಮಟ್ಟದ ಪಂದ್ಯದಲ್ಲಿ ಮೇಜಿಗೆ ಇಬ್ಬರು ಸಿಕ್ಕಿದರೆ ಅದೇ ಭಾಗ್ಯ. ಆ ಇಬ್ಬರಲ್ಲಿ ಒಬ್ಬರು ಸಮಾಜಶಾಸ್ತ್ರದ ಮೇಷ್ಟ್ರು, ಇನ್ನೊಬ್ಬ ಹತ್ತನೆಯ ತರಗತಿಯ ಹುಡುಗ. ಇನ್ನು 2014ರಲ್ಲಿ ಬಂದ ತಿದ್ದುಪಡಿಯಂತೆ, ಎಸೆದ ಚೆಂಡು ರಿಂಗಿಗೆ ತಾಗಿ ಮತ್ತೆ ಎಸೆದ ತಂಡದವರ ಕೈಗೇ ಬಂದರೆ ಗಡಿಯಾರ 24ಕ್ಕೆ ಹೋಗದೆ 14ಕ್ಕೆ ನಿಲ್ಲಬೇಕು. ರಿಂಗಿಗೆ ತಾಗಿತೆ, ಹಲಗೆಗೆ ಮಾತ್ರ ತಾಗಿತೆ ಎಂಬುದನ್ನು ಕಂಡು, ಆ ಕ್ಷಣದಲ್ಲಿಯೇ ಕೈಯಲ್ಲಿನ ಸ್ಟಾಪ್‌ವಾಚನ್ನು ಹೊಂದಿಸುವುದು ಸಾಮಾನ್ಯ ಮನುಷ್ಯನಿಗೆ ಸಾಧ್ಯವಾದ ಕಾರ್ಯವಲ್ಲ.

ಇದಕ್ಕೆ ಪ್ರತಿಯಾದ ವಾದವೂ ದುರ್ಬಲವಾದುದಲ್ಲ. ಮಂಡಲದಲ್ಲಿ ಗಡಿಯಾರವಿಲ್ಲದೆ ಆಡಿ ಗೆದ್ದ ಮಕ್ಕಳು ರಾಜ್ಯಮಟ್ಟಕ್ಕೆ ಹೋದಾಗ, ನೆತ್ತಿಯ ಮೇಲೆ ಉರಿಯುವ ಕೆಂಪಂಕಿಗಳನ್ನು ಕಂಡು ದಿಗ್ಭ್ರಮೆಗೊಳ್ಳುತ್ತಾರೆ. ಪಟ್ಟಣದ ಶಾಲೆಯ ಮಕ್ಕಳಿಗೆ ಅದು ನಿತ್ಯದ ಅಭ್ಯಾಸ. ಹಳ್ಳಿಯ ಮಗುವಿಗೆ ಅಭ್ಯಾಸವೇ ಕೊಡದೆ ಪರೀಕ್ಷೆಗೆ ಕೂರಿಸುವುದು ನ್ಯಾಯವೆ ಎಂದು ಕೇಳುವ ಮೇಷ್ಟ್ರುಗಳಿಗೆ ನಾನು ‘ಅಲ್ಲ’ ಎಂದೇ ಉತ್ತರ ಹೇಳಬೇಕು. ಅದರಿಂದ ಈ ವಿಷಯದಲ್ಲಿ ನನ್ನ ಮತವಿಷ್ಟು: ಯಂತ್ರವಿಲ್ಲದ ಕಡೆ ಕೈಗಡಿಯಾರದ ಆಧಾರದಿಂದಲೇ ಸಮಯದ ಮಿತಿ ಇರಲಿ, ಅದು 24 ಆಗದೆ 35 ಸೆಕೆಂಡು ಆಗಿರಲಿ, ಕೊನೆಯ ಹತ್ತು ಸೆಕೆಂಡು ಉಳಿದಾಗ ಮೇಜಿನಿಂದ ಗಟ್ಟಿಯಾಗಿ ಕೂಗಿ ತಿಳಿಸಲಿ, ಹದಿನಾಲ್ಕರ ಉಪನಿಯಮವನ್ನು ಶಾಲೆಯ ಮಟ್ಟದಲ್ಲಿ ಕೈಬಿಡಲಿ. ಕೈಯಿಂದ ಅಳೆಯುವ ಕಾಲದಲ್ಲಿ ಅರ್ಧ ಸೆಕೆಂಡಿನ ವ್ಯತ್ಯಾಸ ಬಂದೇ ಬರುತ್ತದೆ. ಮಿತಿ ದೀರ್ಘವಾದಷ್ಟೂ ಆ ವ್ಯತ್ಯಾಸದಿಂದಾಗುವ ಅನ್ಯಾಯ ಕಡಿಮೆಯಾಗುತ್ತದೆ. ಚೆಂಡನ್ನು ಬಚ್ಚಿಟ್ಟುಕೊಂಡು ಕಾಲಹರಣ ಮಾಡುವುದು ತಪ್ಪೆಂಬ ತತ್ತ್ವ ಮಗುವಿನ ಮನಸ್ಸಿಗೆ ಇಳಿದರೆ ಹೈಸ್ಕೂಲಿನ ಮಟ್ಟದಲ್ಲಿ ಅಷ್ಟೇ ಸಾಕು.

ಫೌಲುಗಳ ಎಣಿಕೆಯ ವಿಷಯದಲ್ಲಿ ಬಂದ ಬದಲಾವಣೆಯನ್ನಾದರೋ ನಾನು ಪೂರ್ಣಮನಸ್ಸಿನಿಂದ ಸ್ವಾಗತಿಸುತ್ತೇನೆ. ಅಮೆರಿಕದ ಹೈಸ್ಕೂಲುಗಳಲ್ಲಿ ಹಿಂದೆ ಒಂದು ತಂಡದ ಫೌಲುಗಳನ್ನು ಅರ್ಧ ಪಂದ್ಯದುದ್ದಕ್ಕೂ ಕೂಡಿಸುತ್ತಿದ್ದರು, ಏಳನೆಯ ಫೌಲಿನಿಂದ ಎದುರಾಳಿಗೆ ಒಂದು ಫ್ರೀ ಥ್ರೋ, ಅದು ಬುಟ್ಟಿಗೆ ಬಿದ್ದರೆ ಮಾತ್ರ ಇನ್ನೊಂದು, ಹತ್ತನೆಯದರಿಂದ ಎರಡು. 2023–24ರಿಂದ ಅದನ್ನು ತೆಗೆದುಹಾಕಿ, ಪ್ರತಿಯೊಂದು ಕ್ವಾರ್ಟರಿನಲ್ಲಿಯೂ ಎಣಿಕೆಯನ್ನು ಹೊಸದಾಗಿ ಆರಂಭಿಸಿ, ಐದನೆಯ ಫೌಲಿನಿಂದ ಎರಡು ಫ್ರೀ ಥ್ರೋ ಎಂದು ಗೊತ್ತುಪಡಿಸಿದರು. ಮೊದಲ ಎಸೆತ ತಪ್ಪಿದರೆ ಚೆಂಡಿಗಾಗಿ ಬುಟ್ಟಿಯ ಕೆಳಗೆ ನಡೆಯುವ ನೂಕುನುಗ್ಗಲಿನಲ್ಲಿ ಮಕ್ಕಳಿಗೆ ಪೆಟ್ಟಾಗುವುದನ್ನು ತಗ್ಗಿಸಬೇಕೆಂಬುದು ಅಲ್ಲಿನ ಸಮಿತಿ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಫೀಬಾದ ನಿಯಮವನ್ನೇ ಬಹುಮಟ್ಟಿಗೆ ಅನುಸರಿಸುವ ನಮ್ಮ ಶಾಲಾ ಪಂದ್ಯಗಳಿಗೆ ಕ್ವಾರ್ಟರಿನ ಲೆಕ್ಕ ಹೊಸದಲ್ಲ. ಅದರ ಗುಣವನ್ನು ರೆಫರಿಯ ನೆಲೆಯಿಂದ ಹೇಳುವುದಾದರೆ, ಅದು ಯಾವ ಯಂತ್ರವನ್ನೂ ಬೇಡುವುದಿಲ್ಲ. ಒಂದು ಕರಿಹಲಗೆ, ಒಂದು ಸೀಮೆಸುಣ್ಣ ಇದ್ದರೆ ನಡೆಯುತ್ತದೆ. ಅದೂ ಅಲ್ಲದೆ, ಆಟದ ಆರಂಭದಲ್ಲಿ ಒರಟಾಗಿ ಆಡಿದ ತಂಡಕ್ಕೆ ತಿದ್ದಿಕೊಳ್ಳಲು ಮತ್ತೊಂದು ಅವಕಾಶವನ್ನು ಕೊಡುತ್ತದೆ. ಬೆಳೆಯುವ ಮಕ್ಕಳ ಆಟದಲ್ಲಿ ಇದು ಅಲ್ಪವಾದ ಗುಣವಲ್ಲ.

ಪ್ರೇಕ್ಷಕರಿಗೂ ರೆಫರಿಗೂ ಅತಿ ಹೆಚ್ಚು ಜಗಳ ಹುಟ್ಟಿಸುವುದು ಟ್ರಾವೆಲಿಂಗ್. ಚೆಂಡನ್ನು ಹಿಡಿದು ಎಷ್ಟು ಹೆಜ್ಜೆ ಇಡಬಹುದು? ಎರಡೆಂಬುದು ಎಲ್ಲರಿಗೂ ಗೊತ್ತು. ಆದರೆ 2017ರಲ್ಲಿ ಫೀಬಾ ಮಾಡಿದ ಸ್ಪಷ್ಟೀಕರಣದಂತೆ, ಓಡುತ್ತಿರುವವನು ಚೆಂಡನ್ನು ಹತೋಟಿಗೆ ತಂದುಕೊಂಡ ಕ್ಷಣದಲ್ಲಿ ನೆಲದ ಮೇಲಿದ್ದ ಪಾದವನ್ನು ಲೆಕ್ಕಕ್ಕೆ ಹಿಡಿಯದೆ, ಅದಾದ ಮೇಲೆ ನೆಲ ಮುಟ್ಟುವ ಪಾದದಿಂದ ಎಣಿಕೆಯನ್ನು ಆರಂಭಿಸಬೇಕು. ಹಳೆಯ ಕಣ್ಣಿಗೆ ಅದು ಮೂರು ಹೆಜ್ಜೆಯಂತೆಯೇ ಕಾಣುತ್ತದೆ. ದೂರವಾಣಿಯ ಪರದೆಯಲ್ಲಿ ಅಮೆರಿಕದ ಆಟವನ್ನು ನೋಡಿ ಕಲಿತ ಹುಡುಗ ಅದನ್ನೇ ಮಾಡುತ್ತಾನೆ, ಇಪ್ಪತ್ತು ವರ್ಷಗಳ ಹಿಂದೆ ತರಬೇತಿ ಪಡೆದ ಮೇಷ್ಟ್ರು ಸೀಟಿ ಊದುತ್ತಾರೆ, ಇಬ್ಬರೂ ಪ್ರಾಮಾಣಿಕರೇ. ಓಟದ ಸಹಜಗತಿಗೆ ಹೊಂದುವ ಈ ತಿದ್ದುಪಡಿ ತತ್ತ್ವದಲ್ಲಿ ಸರಿಯಾದುದೆಂದೇ ನನ್ನ ಭಾವನೆ. ಆದರೆ ಅದು ಮಗುವಿಗೆ ಪರದೆಯ ಮೂಲಕ ಮೊದಲು ಮುಟ್ಟಿ, ರೆಫರಿಗೆ ಪುಸ್ತಕದ ಮೂಲಕ ಬಹಳ ತಡವಾಗಿ ಮುಟ್ಟಿದ್ದು ಸರಿಯಲ್ಲ. ನ್ಯಾಯಾಧೀಶನಿಗಿಂತ ಮೊದಲು ಕಕ್ಷಿಗಾರನೇ ಕಾನೂನನ್ನು ಅರಿತುಕೊಂಡರೆ ನ್ಯಾಯಸ್ಥಾನದ ಗೌರವ ಉಳಿಯುವುದಾದರೂ ಹೇಗೆ?

ಎಲ್ಲ ಬದಲಾವಣೆಯೂ ಪ್ರಗತಿಯೇ ಎಂದು ನಂಬುವವರು ಹೆಣ್ಣುಮಕ್ಕಳ ಬ್ಯಾಸ್ಕೆಟ್‌ಬಾಲಿನ ಚರಿತ್ರೆಯನ್ನು ಓದಬೇಕು. ನೈಸ್ಮಿತ್ ಅವರ ಆಟ ಹುಟ್ಟಿದ ಮರುವರ್ಷವೇ, 1892ರಲ್ಲಿ, ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಉಪಾಧ್ಯಾಯಿನಿ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಹುಡುಗಿಯರನ್ನು ಅಂಗಳಕ್ಕೆ ಇಳಿಸಿದ್ದೇ ಆ ಕಾಲಕ್ಕೆ ಮಹಾಸಾಹಸ. ಆದರೆ ಸ್ತ್ರೀದೇಹ ಅಷ್ಟು ಆಯಾಸವನ್ನು ತಾಳದೆಂಬ ಅಂದಿನ ಸಮಾಜದ ಭಾವನೆಗೆ ಅನುಗುಣವಾಗಿ, ಅಂಕಣವನ್ನು ಮೂರು ಭಾಗ ಮಾಡಿ, ಒಬ್ಬೊಬ್ಬರನ್ನು ಒಂದೊಂದು ಭಾಗಕ್ಕೆ ಕಟ್ಟಿಹಾಕಿ, ಎದುರಾಳಿಯ ಕೈಯಿಂದ ಚೆಂಡನ್ನು ಕಸಿಯಕೂಡದೆಂದು ಅವರು ವಿಧಿಸಬೇಕಾಯಿತು. ಆ ಅನುಮಾನ ಎಷ್ಟು ಬೇರೂರಿತೆಂದರೆ, ಅಯೋವ ಸಂಸ್ಥಾನದ ಹೈಸ್ಕೂಲುಗಳಲ್ಲಿ ಮೂವರು ಕೇವಲ ಎಸೆಯುವುದಕ್ಕೆ, ಮೂವರು ಕೇವಲ ತಡೆಯುವುದಕ್ಕೆ ಎಂಬ ಆರು ಮಂದಿಯ ಆಟ 1993ರ ವರೆಗೂ ಉಳಿದಿತ್ತು. ಮಧ್ಯದ ಗೆರೆಯನ್ನು ಅವರು ದಾಟುವಂತಿರಲಿಲ್ಲ. ಇಂದು ನಮ್ಮ ಗಡಿಯ ಶಾಲೆಗಳಲ್ಲಿ ಹುಡುಗಿಯರು ಹುಡುಗರ ನಿಯಮಗಳಲ್ಲಿಯೇ ಅಂಕಣದುದ್ದಕ್ಕೂ ಓಡುತ್ತಾರೆ. ಭೇದವಿರುವುದು ಚೆಂಡಿನ ಗಾತ್ರದಲ್ಲಿ ಮಾತ್ರ. ಹುಡುಗರ ಏಳನೆಯ ಅಳತೆಯ ಚೆಂಡಿನ ಸುತ್ತಳತೆ ಸುಮಾರು 76 ಸೆಂಟಿಮೀಟರು, ಹುಡುಗಿಯರ ಆರನೆಯ ಅಳತೆಯದು ಸುಮಾರು 73. ಈ ಭೇದ ಅಂಗೈಯ ಅಳತೆಯನ್ನು ನೋಡಿ ಮಾಡಿದ್ದು. ಆ ಹಳೆಯ ಭೇದ ಅಪನಂಬಿಕೆಯಿಂದ ಮಾಡಿದ್ದು. ಯಾವುದೇ ತಿದ್ದುಪಡಿ ಬಂದಾಗ ಅದು ಈ ಎರಡರಲ್ಲಿ ಯಾವ ಜಾತಿಗೆ ಸೇರಿದ್ದೆಂದು ಕೇಳುವುದು ನಮ್ಮೆಲ್ಲರ ಕರ್ತವ್ಯ.

ಅನ್ಯಾಯವೆಂದು ತನಗೇ ತೋರುವ ನಿಯಮವನ್ನು ರೆಫರಿ ಏನು ಮಾಡಬೇಕು? 2014ರ ಜುಲೈಯಲ್ಲಿ, ಚೀನಾದ ವುಹಾನಿನಲ್ಲಿ ನಡೆದ ಏಷ್ಯಾ ಕಪ್ಪಿನಲ್ಲಿ, ಭಾರತದ ಅಮ್ಜ್ಯೋತ್ ಸಿಂಗ್ ಮತ್ತು ಅಮೃತ್‌ಪಾಲ್ ಸಿಂಗ್ ಅವರು ಆಡಬೇಕಾದರೆ ತಲೆಯ ಪೇಟವನ್ನು ತೆಗೆಯಬೇಕೆಂದು ಅಧಿಕಾರಿಗಳು ವಿಧಿಸಿದರು. ತಲೆಯ ಮೇಲಿನ ಹೊದಿಕೆಯಿಂದ ಇತರರಿಗೆ ಗಾಯವಾದೀತೆಂಬುದು ಆಗಿನ ನಿಯಮದ ನೆಪ. ಅದೇ ವರ್ಷದ ಏಷ್ಯನ್ ಕ್ರೀಡಾಕೂಟದಲ್ಲಿ ಹಿಜಾಬ್ ತೆಗೆಯಲೊಪ್ಪದ ಕತಾರಿನ ಮಹಿಳೆಯರು ಪಂದ್ಯವನ್ನೇ ತೊರೆದರು. ಪ್ರತಿಭಟನೆ, ಪರಿಶೀಲನೆ, ಪ್ರಯೋಗಗಳೆಲ್ಲ ನಡೆದು ಫೀಬಾ ತನ್ನ ನಿಷೇಧವನ್ನು ಹಿಂತೆಗೆದುಕೊಂಡದ್ದು 2017ರ ಅಕ್ಟೋಬರ್ 1ರಿಂದ. ಆ ಮೂರು ವರ್ಷಗಳಲ್ಲಿ ಲೋಕದ ಎಷ್ಟೋ ರೆಫರಿಗಳು ತಮ್ಮ ಅಂತಃಸಾಕ್ಷಿಗೆ ಒಪ್ಪದ ಸೀಟಿಯನ್ನು ಊದಬೇಕಾಯಿತು. ಅಂಕಣದ ಮೇಲೆ ನಿಂತಾಗ ಇರುವ ನಿಯಮವನ್ನೇ ನಡೆಸಬೇಕು, ಅಂಕಣದಿಂದ ಇಳಿದ ಮೇಲೆ ಅದನ್ನು ಬದಲಿಸುವುದಕ್ಕೆ ಹೋರಾಡಬೇಕು ಎಂಬುದು ನನ್ನ ನಿಲುವು. ಮನಸ್ಸಿಗೆ ಬಂದ ನಿಯಮವನ್ನು ನಡೆಸುವ ರೆಫರಿ ಎಷ್ಟೇ ದಯಾವಂತನಾದರೂ ಮುಂದಿನ ಪಂದ್ಯದಲ್ಲಿ ಅವನನ್ನು ಯಾರೂ ನಂಬಲಾರರು. ಆದರೆ ಹೋರಾಡುವುದಕ್ಕೆ ಒಂದು ಬಾಗಿಲು ಇರಬೇಕಷ್ಟೆ.

ಅಮೆರಿಕದ ಶಾಲಾ ಒಕ್ಕೂಟ ಪ್ರತಿವರ್ಷವೂ ತರಬೇತುದಾರರಿಗೂ ರೆಫರಿಗಳಿಗೂ ಪ್ರಶ್ನಾವಳಿ ಕಳುಹಿಸಿ ಅಭಿಪ್ರಾಯ ಕೇಳುತ್ತದೆ. ತೀರ್ಪುಗಾರರಿಗೆ ಗೌರವ ಸಿಗದಿದ್ದರೆ ಏನಾಗುವುದೆಂಬುದನ್ನೂ ಅವರು ಬಲ್ಲರು: 2018–19ರಿಂದ 2021–22ರ ನಡುವೆ ಅಲ್ಲಿ ಎಲ್ಲ ಆಟಗಳ ಲೆಕ್ಕದಲ್ಲಿ ಸುಮಾರು 50,000 ಮಂದಿ ಶಾಲಾ ತೀರ್ಪುಗಾರರು ಸೀಟಿ ಕೆಳಗಿಟ್ಟು ಹೊರಟುಹೋದರು; ಪೋಷಕರ ಮತ್ತು ಪ್ರೇಕ್ಷಕರ ಬೈಗುಳ ಅದಕ್ಕೆ ದೊಡ್ಡ ಕಾರಣವೆಂದು ಒಕ್ಕೂಟವೇ ಹೇಳಿತು. ರೆಫರಿಯ ಮಾತನ್ನು ಕೇಳುವುದರ ಜೊತೆಗೆ ಆಡುವವರ ವಯಸ್ಸನ್ನೂ ನೋಡಬೇಕು. ಮಕ್ಕಳ ಆಟಕ್ಕೆ ಮಕ್ಕಳ ನಿಯಮವಿರಬೇಕೆಂಬುದು ಫೀಬಾಕ್ಕೂ ಒಪ್ಪಿಗೆಯಾದ ತತ್ತ್ವವೇ. ಹನ್ನೆರಡರೊಳಗಿನವರ ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ ರಿಂಗನ್ನು 2.60 ಮೀಟರಿಗೆ ಇಳಿಸಿ, ಚೆಂಡನ್ನು ಐದನೆಯ ಅಳತೆಗೆ ತಗ್ಗಿಸಿದ್ದಾರೆ. ಹನ್ನೆರಡರ ಮಗುವಿಗೆ ಆ ಕರುಣೆ ಸಲ್ಲುವುದಾದರೆ, ಹದಿನಾಲ್ಕು ಹದಿನೈದರ ಮಗು ಮಣ್ಣಿನ ಅಂಕಣದಲ್ಲಿ ಆಡುವಾಗ, ಅಂತರರಾಷ್ಟ್ರೀಯ ಕ್ರೀಡಾಂಗಣಕ್ಕಾಗಿ ಬರೆದ ಎಲ್ಲ ಉಪನಿಯಮಗಳನ್ನೂ ಅದರ ಮೇಲೆ ಹೇರದಿರುವ ಔದಾರ್ಯವೂ ಸಲ್ಲಬೇಕು.

ಗಡಿಯ ಪಂದ್ಯಗಳಲ್ಲಿ ಒಂದು ತಂಡ ತೆಲುಗಿನಲ್ಲಿ ಕೂಗಿಕೊಳ್ಳುತ್ತದೆ, ಇನ್ನೊಂದು ಕನ್ನಡದಲ್ಲಿ. ರೆಫರಿ ಮುಷ್ಟಿ ಎತ್ತಿದರೆ ಫೌಲ್, ಅಂಗೈ ತೆರೆದು ಎತ್ತಿದರೆ ನಿಯಮೋಲ್ಲಂಘನೆ, ಎರಡು ಮುಷ್ಟಿಗಳನ್ನು ಒಂದರ ಸುತ್ತ ಒಂದನ್ನು ತಿರುಗಿಸಿದರೆ ಟ್ರಾವೆಲಿಂಗ್. ಇದು ಎರಡೂ ತಂಡಗಳಿಗೆ ಅರ್ಥವಾಗುತ್ತದೆ. ಆದರೆ ಆ ಸಂಜ್ಞೆಯ ಹಿಂದಿರುವ ನಿಯಮದ ವಿವರಣೆ ಮಕ್ಕಳಿಗೂ ಮೇಷ್ಟ್ರುಗಳಿಗೂ ತಮ್ಮ ಮಾತಿನಲ್ಲಿ ಕೈಗೆ ಸಿಗಬೇಕು. ಆಂಧ್ರದ ಮತ್ತು ಕರ್ನಾಟಕದ ಶಿಕ್ಷಣ ಇಲಾಖೆಗಳನ್ನು ನಾನು ಬೇಡುವುದಿಷ್ಟೆ: ಬ್ಯಾಸ್ಕೆಟ್‌ಬಾಲಿನ ನಿಯಮದಲ್ಲಿ ಏನೇ ಬದಲಾವಣೆಯಾಗಲಿ, ಅದನ್ನು ಶಾಲಾ ಪಂದ್ಯಗಳಿಗೆ ತರುವ ಮುನ್ನ ಮಂಡಲ ಮತ್ತು ತಾಲ್ಲೂಕು ಮಟ್ಟದಲ್ಲಿ ಸೀಟಿ ಹಿಡಿಯುವ ಮೇಷ್ಟ್ರುಗಳನ್ನು ಒಂದು ದಿನ ಕೂರಿಸಿ ಅವರ ಮಾತನ್ನು ಕೇಳಿ, ಒಪ್ಪಿತವಾದ ತಿದ್ದುಪಡಿಗಳನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ನಾಲ್ಕು ಪುಟಗಳ ಪುಸ್ತಿಕೆಯಾಗಿ ಅಚ್ಚು ಹಾಕಿಸಿ, ಜೂನಿನಲ್ಲಿ ಶಾಲೆ ತೆರೆಯುವಾಗಲೇ ಪಠ್ಯಪುಸ್ತಕಗಳ ಕಟ್ಟಿನೊಡನೆ ಪ್ರತಿಯೊಂದು ಹೈಸ್ಕೂಲಿಗೂ ಕಳುಹಿಸಿಕೊಡಿ.